ಅರಿಶಿನ, ದಾಸವಾಳ, ಶಂಖಪುಷ್ಪ, ಲಿಟ್ಮಸ್: ಆಮ್ಲ-ಪ್ರತ್ಯಾಮ್ಲದ ಪಾಠಕ್ಕೆ ಯಾವ ಸೂಚಕ?

ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ಬರುವುದು 7ನೇ ತರಗತಿಯಲ್ಲಾದರೂ ಬಣ್ಣ ಬದಲಾಗುವ ಪ್ರಯೋಗವನ್ನು 4–5ನೇ ತರಗತಿಯಿಂದಲೇ ಮಾಡಿಸಬಹುದು. ಯಾವ ಸೂಚಕ, ಅಂದರೆ ಬಣ್ಣ ಬದಲಿಸಿ ಆಮ್ಲವೋ ಪ್ರತ್ಯಾಮ್ಲವೋ ತಿಳಿಸುವ ವಸ್ತು, ಹಿಡಿಯುವುದು ಎಂಬುದೇ ಪ್ರಶ್ನೆ. ಪಾಠದಲ್ಲಿ ಲಿಟ್ಮಸ್, ಅರಿಶಿನ, ದಾಸವಾಳ ಮೂರೂ ಬರುತ್ತವೆ. ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇವುಗಳ ಜೊತೆಗೆ ಶಂಖಪುಷ್ಪ, ಕೆಂಪು ಎಲೆಕೋಸು, ಬೀಟ್‌ರೂಟ್ ಕೂಡ ಸೇರಿಕೊಳ್ಳುತ್ತವೆ. ಇವಿಷ್ಟನ್ನೂ ಅವೇ ಮಾದರಿಗಳ (ನಿಂಬೆರಸ, ಸೋಡಾದಂಥ ಪರೀಕ್ಷಿಸುವ ವಸ್ತುಗಳ) ಮೇಲೆ, ಅದೇ ನೀರಿನಲ್ಲಿ, ಅಕ್ಕಪಕ್ಕ ಇಟ್ಟು ನೋಡಿದಾಗ ಕಂಡದ್ದನ್ನು ಇಲ್ಲಿ ಬರೆದಿದ್ದೇವೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಒಂದನ್ನೇ ಆರಿಸಿ ಎಂದರೆ ದಾಸವಾಳ. ಎರಡಕ್ಕೆ ಅವಕಾಶವಿದ್ದರೆ ದಾಸವಾಳ ಮತ್ತು ಅರಿಶಿನ. ಲಿಟ್ಮಸ್ ಕೊನೆಗೆ ಬರಲಿ. ಬೀಟ್‌ರೂಟ್ ಪಲ್ಯಕ್ಕೇ ಇರಲಿ.

ಅಳೆಯಲು ನಾವು ಹಿಡಿದ ಮಾನದಂಡ ಸರಳ. ಮಗುವಿಗೆ ಬೇಕಾದದ್ದು ಮೂರು ಉತ್ತರ: ಹುಳಿಯ ಕಡೆ, ಸೋಡಾದ ಕಡೆ, ಎರಡೂ ಅಲ್ಲದ್ದು. ಈ ಮೂರನ್ನೂ ಬೇರೆ ಬೇರೆ ಬಣ್ಣದಲ್ಲಿ ತೋರಿಸದ ಸೂಚಕ ಮಕ್ಕಳ ಮನಸ್ಸಿನಲ್ಲಿ ಅರ್ಧ ಪಾಠವನ್ನಷ್ಟೇ ಉಳಿಸುತ್ತದೆ. ಬೆಲೆ, ಸಿಗುವ ಸುಲಭ, ಬಾಳಿಕೆ ಎಲ್ಲ ಆಮೇಲಿನ ಮಾತು.

ಹೋಲಿಕೆಗೆ ಮುನ್ನ: ನೀರು ಮತ್ತು ಪಾತ್ರೆ

ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚು. ನೀರೇ ತುಸು ಪ್ರತ್ಯಾಮ್ಲದ ಕಡೆ ವಾಲಿರುತ್ತದೆ. ಅದರಲ್ಲಿ ದಾಸವಾಳ ನೆನೆಸಿದರೆ ರಸ ಗುಲಾಬಿಯ ಬದಲು ಮಂಕು ನೇರಳೆಯಾಗಿ ಬರುತ್ತದೆ. ಒಂದು ಹನಿ ನಿಂಬೆರಸವನ್ನು ನೀರಿನಲ್ಲಿರುವ ಬೈಕಾರ್ಬನೇಟೇ ನುಂಗಿಬಿಡುವುದರಿಂದ ಬಣ್ಣವೂ ಬದಲಾಗುವುದಿಲ್ಲ. ‘ಪ್ರಯೋಗ ಬರಲಿಲ್ಲ’ ಎಂಬ ದೂರುಗಳಲ್ಲಿ ಹೆಚ್ಚಿನವು ಈ ನೀರಿನಿಂದಲೇ ಬಂದವು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಸಾಕು. ಮಳೆಗಾಲದಲ್ಲಾದರೆ ಬಯಲಿಗೆ ಪಾತ್ರೆ ಇಟ್ಟು ಹಿಡಿದ ಮಳೆನೀರು ಇನ್ನೂ ಒಳ್ಳೆಯದು. ಸೂಚಕಕ್ಕೂ ಮಾದರಿಗೂ ಒಂದೇ ನೀರು ಬಳಸಿ. ಹೂವನ್ನು ಸ್ಟೀಲ್ ಪಾತ್ರೆಯಲ್ಲಿ ನೆನೆಸಿ. ಕಬ್ಬಿಣದ ಬಾಣಲೆ ಬೇಡ, ಹೂವಿನ ಬಣ್ಣ ಕಬ್ಬಿಣದೊಡನೆ ಕೂಡಿ ಕಪ್ಪುನೀಲಿಗೆ ತಿರುಗುತ್ತದೆ.

ಪರೀಕ್ಷಾನಳಿಕೆಗಾಗಿ ಕಾಯಬೇಕಾಗಿಲ್ಲ. ದೊಡ್ಡ ಕ್ಯಾಪ್ಸೂಲಿನ ಖಾಲಿ ಸ್ಟ್ರಿಪ್‌ನ ಹಿಂದಿನ ಫಾಯಿಲ್ ಕಿತ್ತು ಚೆನ್ನಾಗಿ ತೊಳೆದರೆ ಹತ್ತು ಪುಟ್ಟ ಗುಳಿಗಳ ಪಾರದರ್ಶಕ ತಟ್ಟೆ ಸಿಗುತ್ತದೆ. ಅದರಡಿ ಬಿಳಿ ಹಾಳೆ ಇಡಿ. ಪ್ರತಿ ಗುಳಿಯಲ್ಲೂ 4 ಹನಿ ಸೂಚಕ, 2 ಹನಿ ಮಾದರಿ. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಆಗುತ್ತದೆ, ಹಾಗಾಗಿ 30 ಮಕ್ಕಳ ತರಗತಿಗೆ 100 ಮಿ.ಲೀ. ರಸ ಇದ್ದರೆ ಮಿಕ್ಕುತ್ತದೆ. ಪ್ರತಿ ಮಾದರಿಗೂ ಬೇರೆ ಡ್ರಾಪರ್ ಅಥವಾ ಸ್ಟ್ರಾ ತುಂಡು ಇರಲೇಬೇಕು. ಸೋಡಾ ನೀರಿಗೆ ಹಾಕಿದ ಡ್ರಾಪರನ್ನೇ ಸಕ್ಕರೆ ನೀರಿಗೆ ಹಾಕಿದರೆ ಸಕ್ಕರೆಯೂ ಪ್ರತ್ಯಾಮ್ಲವಾಗಿ ಕಾಣುತ್ತದೆ, ಮಕ್ಕಳು ಅದನ್ನೇ ನಂಬಿ ಬರೆದುಕೊಳ್ಳುತ್ತಾರೆ.

| ಮಾದರಿ | ಅರಿಶಿನ ಕಾಗದ | ದಾಸವಾಳದ ರಸ | ಶಂಖಪುಷ್ಪದ ರಸ | ಲಿಟ್ಮಸ್ |
|---|---|---|---|---|
| ನಿಂಬೆರಸ | ಹಳದಿಯೇ | ಕಡು ಗುಲಾಬಿ | ನೇರಳೆ | ನೀಲಿ ಕೆಂಪಾಗುತ್ತದೆ |
| ಮೊಸರಿನ ಮೇಲೆ ನಿಂತ ತಿಳಿ | ಹಳದಿಯೇ | ತಿಳಿ ಗುಲಾಬಿ | ನೀಲಿ, ತುಸು ನೇರಳೆ ಛಾಯೆ | ನೀಲಿ ಕೆಂಪಾಗುತ್ತದೆ |
| ಸಕ್ಕರೆ ನೀರು | ಹಳದಿಯೇ | ಬದಲಾವಣೆ ಇಲ್ಲ | ಬದಲಾವಣೆ ಇಲ್ಲ | ಎರಡೂ ಹಾಗೇ |
| ಅಡುಗೆ ಸೋಡಾ | ಕಿತ್ತಳೆ, ಮಸುಕು | ಮಾಸಲು ನೀಲಿಹಸಿರು | ನೀಲಿಯೇ | ಕೆಂಪು ನಿಧಾನಕ್ಕೆ ನೀಲಿ |
| ವಾಷಿಂಗ್ ಸೋಡಾ | ಕೆಂಪುಗಂದು | ಹಸಿರು | ಹಸಿರು | ಕೆಂಪು ನೀಲಿಯಾಗುತ್ತದೆ |
| ಸುಣ್ಣದ ತಿಳಿ | ಕಡುಗೆಂಪು | ಹಸಿರು, ಬಳಿಕ ಹಳದಿ | ಹಸಿರು, ಬಳಿಕ ಹಳದಿ | ಕೆಂಪು ನೀಲಿಯಾಗುತ್ತದೆ |

ಅಡುಗೆ ಸೋಡಾದ ಸಾಲನ್ನು ಇನ್ನೊಮ್ಮೆ ನೋಡಿ. ಜಗಳವೆಲ್ಲ ಹುಟ್ಟುವುದು ಅಲ್ಲಿಯೇ. ಆ ದ್ರಾವಣದ ಪಿಎಚ್ (ಆಮ್ಲ-ಪ್ರತ್ಯಾಮ್ಲದ ಅಳತೆ) ಸುಮಾರು 8.3, ಅಂದರೆ ತಟಸ್ಥವಾದ 7ರಿಂದ ಅಷ್ಟೇನೂ ದೂರವಿಲ್ಲ. ‘ಪ್ರತ್ಯಾಮ್ಲಕ್ಕೆ ಉದಾಹರಣೆ’ ಎಂದು ಅದನ್ನೊಂದನ್ನೇ ತಂದಿಟ್ಟರೆ ಯಾವ ಸೂಚಕವೂ ಮೈಬಿಚ್ಚಿ ಬಣ್ಣ ತೋರಿಸುವುದಿಲ್ಲ. ಜೊತೆಗೆ ವಾಷಿಂಗ್ ಸೋಡಾ ಇರಲಿ: ಅರ್ಧ ಲೋಟ ನೀರಿಗೆ ಕಾಲು ಚಮಚ.

ಅರಿಶಿನ

ಇದರ ದೊಡ್ಡ ಬಲವೆಂದರೆ ಎಲ್ಲರ ಮನೆಯಲ್ಲೂ ಇದೆ, ಎಲ್ಲರೂ ಇದನ್ನು ಆಗಲೇ ನೋಡಿದ್ದಾರೆ. ಆರತಿ ತಟ್ಟೆಯ ಓಕುಳಿ ನೀರು ಅರಿಶಿನಕ್ಕೆ ಸುಣ್ಣ ಬಿದ್ದು ಕೆಂಪಾದದ್ದೇ. ಪಾಠವನ್ನು ಅಲ್ಲಿಂದ ಶುರುಮಾಡಿದರೆ ವಿವರಣೆ ಅರ್ಧ ಮುಗಿದಂತೆ. ಅಂಗಿಯ ಮೇಲೆ ಬಿದ್ದ ಸಾರಿನ ಕಲೆ ಸೋಪು ತಾಗಿದೊಡನೆ ಕೆಂಪಾಗುವುದೂ, ಜಾಲಾಡಿದರೆ ಮತ್ತೆ ಹಳದಿಗೆ ಮರಳುವುದೂ ಮಕ್ಕಳಿಗೆ ಗೊತ್ತು.

ದೊಡ್ಡ ಕೊರತೆಯೂ ಇದೆ. ಅರಿಶಿನದ ಬಣ್ಣವಸ್ತುವಾದ ಕರ್ಕ್ಯುಮಿನ್ ಬಣ್ಣ ಬದಲಿಸುವುದು ಪಿಎಚ್ 7.4ರಿಂದ 8.6ರ ನಡುವೆ. ಅದರ ಕೆಳಗೆ ಏನೇ ಹಾಕಿದರೂ ಹಳದಿ. ನಿಂಬೆರಸಕ್ಕೂ ಸಕ್ಕರೆ ನೀರಿಗೂ ಅದರ ಉತ್ತರ ಒಂದೇ. ಅರಿಶಿನದಿಂದ ಮಾತ್ರ ಪಾಠ ಮುಗಿಸಿದ ತರಗತಿಯಲ್ಲಿ ‘ಬಣ್ಣ ಬದಲಾಗದಿದ್ದರೆ ಅದು ಆಮ್ಲ’ ಎಂಬ ತಪ್ಪು ಗಟ್ಟಿಯಾಗಿ ಕೂರುತ್ತದೆ. ಇದಕ್ಕೊಂದು ಉಪಾಯವುಂಟು. ಕಾಗದದ ಪಟ್ಟಿಯನ್ನು ಮೊದಲು ವಾಷಿಂಗ್ ಸೋಡಾದಲ್ಲಿ ಅದ್ದಿ ಕೆಂಪು ಮಾಡಿ, ಆ ಕೆಂಪಿನ ಮೇಲೆ ಮಾದರಿ ಹನಿಸಿ. ನಿಂಬೆರಸ ಬಿದ್ದ ಜಾಗ ತಕ್ಷಣ ಹಳದಿಗೆ ಮರಳುತ್ತದೆ, ಸಕ್ಕರೆ ನೀರು ಬಿದ್ದದ್ದು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ನೀರು ತುಂಬಾ ಸುರಿದರೆ ಮಾತ್ರ ಸೋಡಾ ತೊಳೆದುಹೋಗಿ ಅದೂ ಹಳದಿಯಾದೀತು, ಆದ್ದರಿಂದ ಒಂದೇ ಹನಿ.

ಕಾಗದ ತಯಾರಿಯಲ್ಲಿ ಎರಡು ದಾರಿ. ಪಾಠದ ದಾರಿ: ಒಂದು ಚಮಚ ಪುಡಿಗೆ ನೀರು ಬೆರೆಸಿ ಲೇಪ ಮಾಡಿ, ಒತ್ತುಕಾಗದಕ್ಕೋ ಸೋಸುಕಾಗದಕ್ಕೋ ಹಚ್ಚಿ ಒಣಗಿಸುವುದು. ಕೆಲಸವೇನೋ ಆಗುತ್ತದೆ. ಆದರೆ ಕರ್ಕ್ಯುಮಿನ್ ನೀರಿನಲ್ಲಿ ಹೆಚ್ಚು ಕರಗದ ಕಾರಣ ಬಣ್ಣ ತೇಪೆತೇಪೆಯಾಗಿ ಕೂರುತ್ತದೆ, ಪುಡಿ ಉದುರಿ ಮಾದರಿಯೇ ಹಳದಿಯಾಗುತ್ತದೆ. ಎರಡನೆಯ ದಾರಿ: ಅರ್ಧ ಚಮಚ ಪುಡಿಯನ್ನು 20 ಮಿ.ಲೀ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಸಿದು ಅದರಲ್ಲಿ ಕಾಗದ ಅದ್ದುವುದು. ಬಣ್ಣ ಒಂದೇ ಸಮ ಬರುತ್ತದೆ, ಕೆಲವೇ ನಿಮಿಷದಲ್ಲಿ ಒಣಗುತ್ತದೆ. ಸ್ಪಿರಿಟ್ ಬೆಂಕಿ ಹಿಡಿಯುವ ವಸ್ತು, ಹಾಗಾಗಿ ಬಿಸಿಯೂಟದ ಅಡುಗೆಕೋಣೆಯಿಂದ ದೂರ, ಗಾಳಿಯಾಡುವ ಕಡೆ, ಶಿಕ್ಷಕರೇ ಮಾಡಲಿ. ಎರಡೂ ಬಗೆಯ ಕಾಗದವನ್ನು ನೆರಳಿನಲ್ಲೇ ಒಣಗಿಸಿ, ಬಿಸಿಲಿಗೆ ಅರಿಶಿನದ ಬಣ್ಣ ಮಾಸುತ್ತದೆ. ನಮ್ಮ ಮತ ಸ್ಪಿರಿಟ್ ಕಾಗದಕ್ಕೆ.

ಕೇರಂ ಪೌಡರನ್ನು ಮಾದರಿಯಾಗಿ ತರಬೇಡಿ. ಅದು ಸಾಮಾನ್ಯವಾಗಿ ಬೋರಿಕ್ ಆಮ್ಲ. ಹೆಸರೇ ಹೇಳುವಂತೆ ಆಮ್ಲ, ಆದರೆ ಅರಿಶಿನದೊಡನೆ ಬೇರೆಯೇ ರೀತಿಯಲ್ಲಿ ಕೂಡಿ ಒಣಗುವಾಗ ಕೆಂಪುಗಂದು ಬಣ್ಣ ಕೊಡುತ್ತದೆ. ಆ ಹೊತ್ತಿಗೆ ತರಗತಿಗೆ ಅದನ್ನು ಬಿಡಿಸಿ ಹೇಳುವುದು ಯಾರಿಂದಲೂ ಆಗದು.

ದಾಸವಾಳ

ಐದೆಸಳಿನ, ಕಡುಗೆಂಪಿನ ಊರ ದಾಸವಾಳವೇ ಬೇಕು. ನರ್ಸರಿಯ ಹಳದಿ, ಕೇಸರಿ, ಬಿಳಿ ಹೂಗಳಲ್ಲಿ ಬೇಕಾದ ಬಣ್ಣವಸ್ತು, ಅಂದರೆ ಆಂಥೋಸಯನಿನ್, ಸಾಲದು. ಹತ್ತು ಹೂವಿನ ಎಸಳುಗಳನ್ನಷ್ಟೇ ಬಿಡಿಸಿಕೊಳ್ಳಿ. ನಡುವಿನ ಕೇಸರ ದಂಡ ಮತ್ತು ಹಸಿರು ತೊಟ್ಟು ಬೇಡ, ಪರಾಗದ ಹಳದಿ ರಸಕ್ಕಿಳಿಯುತ್ತದೆ. 200 ಮಿ.ಲೀ. ನೀರನ್ನು ತಳದಲ್ಲಿ ಸಣ್ಣ ಗುಳ್ಳೆ ಏಳುವವರೆಗೆ ಕಾಯಿಸಿ ಇಳಿಸಿ, ಎಸಳು ಹಾಕಿ ಹದಿನೈದು ನಿಮಿಷ ಮುಚ್ಚಿಡಿ. ಕುದಿಸಬೇಡಿ, ಹಿಂಡಲೂಬೇಡಿ. ಹಾಗೆ ಮಾಡಿದರೆ ಎಸಳಿನ ಲೋಳೆ ಬಿಟ್ಟುಕೊಂಡು ರಸ ಡ್ರಾಪರಿನಿಂದ ಹನಿಯಾಗಿ ಬೀಳದೆ ದಾರದಂತೆ ಇಳಿಯುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ.

ರಸ ಕಡುವಾದಷ್ಟೂ ಒಳ್ಳೆಯದೆಂದು ಹಲವರು ಅಂದುಕೊಳ್ಳುತ್ತಾರೆ. ಅದು ಉಲ್ಟಾ. ಕಡು ರಸದಲ್ಲಿ ಗುಲಾಬಿಯೂ ಹಸಿರೂ ಕಪ್ಪಾಗಿಯೇ ಕಾಣುತ್ತವೆ. ಲೋಟದ ಕೆಳಗೆ ಪಠ್ಯಪುಸ್ತಕ ಇಟ್ಟು ಮೇಲಿನಿಂದ ನೋಡಿದರೆ ಅಕ್ಷರ ಓದಲು ಬರುವಷ್ಟು ತಿಳಿಯಾಗಿರಲಿ.

ಹೀಗೆ ಮಾಡಿದ ರಸ ಮೂರೂ ಉತ್ತರಗಳನ್ನು ಕೊಡುತ್ತದೆ, ಜೊತೆಗೆ ಒಂದಿಷ್ಟು ತಾರತಮ್ಯವನ್ನೂ ತೋರಿಸುತ್ತದೆ. ನಿಂಬೆಗೆ ಕಡು ಗುಲಾಬಿ, ಮೊಸರಿನ ತಿಳಿಗೆ ತಿಳಿ ಗುಲಾಬಿ. ‘ಎರಡೂ ಆಮ್ಲವೇ, ಒಂದು ಹೆಚ್ಚು ಒಂದು ಕಡಿಮೆ’ ಎಂಬುದನ್ನು ಹೇಳಿಕೊಡಬೇಕಿಲ್ಲ, ಮಕ್ಕಳೇ ಹೇಳುತ್ತಾರೆ. ಲಿಟ್ಮಸ್ ಇದನ್ನು ಮಾಡಲಾರದು. ಹೂವಿನ ರಸವನ್ನು ಲಿಟ್ಮಸ್ ಕೊಳ್ಳಲಾಗದವರ ಬದಲಿ ವ್ಯವಸ್ಥೆ ಎಂದು ನೋಡುವುದೂ ಸರಿಯಲ್ಲ. ರಾಬರ್ಟ್ ಬಾಯ್ಲ್ 1664ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಪರೀಕ್ಷೆಯೂ ಹೂವಿನದೇ: ವಯೊಲೆಟ್ ಹೂವಿನ ಪಾಕ ಆಮ್ಲಕ್ಕೆ ಕೆಂಪು, ಕ್ಷಾರಕ್ಕೆ ಹಸಿರು.

ಇದರ ತೊಂದರೆ ಬಾಳಿಕೆ. ಬೆಳಿಗ್ಗೆ ಮಾಡಿದ್ದು ಸಂಜೆಯವರೆಗೆ ಸರಿ, ಮರುದಿನಕ್ಕೆ ಬಣ್ಣ ಮಾಸಿ ವಾಸನೆ ಬರುತ್ತದೆ. ಇನ್ನೊಂದು, ಸುಣ್ಣದ ತಿಳಿಯಂಥ ಬಲವಾದ ಪ್ರತ್ಯಾಮ್ಲ ಬಿದ್ದರೆ ಹಸಿರು ಸ್ವಲ್ಪ ಹೊತ್ತಿಗೆ ಹಳದಿಗೆ ತಿರುಗಿ ಬಣ್ಣವಸ್ತುವೇ ಕೆಡುತ್ತದೆ. ಆಮೇಲೆ ನಿಂಬೆರಸ ಎಷ್ಟು ಹಾಕಿದರೂ ಮೊದಲಿನ ಗುಲಾಬಿ ಬರುವುದಿಲ್ಲ. ತಟಸ್ಥೀಕರಣ, ಅಂದರೆ ಆಮ್ಲ-ಪ್ರತ್ಯಾಮ್ಲ ಒಂದನ್ನೊಂದು ಕಳೆಯುವುದನ್ನು ತೋರಿಸುವುದಿದ್ದರೆ ಸುಣ್ಣ ಬಿಟ್ಟು ವಾಷಿಂಗ್ ಸೋಡಾ ಬಳಸಿ, ಹಸಿರಾದ ಕೂಡಲೇ ನಿಂಬೆರಸ ಹನಿಸುತ್ತ ಹೋಗಿ. ಹಸಿರು, ನೇರಳೆ, ಗುಲಾಬಿ, ನಡುವೆ ನೊರೆ: ನಾಲ್ಕೂ ಒಂದೇ ಲೋಟದಲ್ಲಿ ಕಾಣುತ್ತವೆ. ಇಲ್ಲಿ ಸೋಪಿನ ನೀರು ಮಾತ್ರ ಬೇಡ. ನಿಂಬೆರಸ ಬಿದ್ದೊಡನೆ ಸೋಪಿನೊಳಗಿನ ಕೊಬ್ಬಿನಾಮ್ಲ ಹಾಲೊಡೆದ ಹಾಗೆ ಬಿಳಿಯಾಗಿ ಬೇರ್ಪಟ್ಟು ಬಣ್ಣವನ್ನೇ ಮುಚ್ಚುತ್ತದೆ.

ದಾಸವಾಳದ ಕಾಗದ ಮಾಡಿಟ್ಟುಕೊಳ್ಳಬಹುದೇ? ಸೋಸುಕಾಗದ ಸಿಕ್ಕರೆ ಧಾರಾಳವಾಗಿ. ಜೆರಾಕ್ಸ್ ಹಾಳೆಯಲ್ಲಿ ಆಗದು. ಈಗಿನ ಹಾಳೆಗಳಿಗೆ ಕ್ಯಾಲ್ಸಿಯಂ ಕಾರ್ಬನೇಟ್, ಅಂದರೆ ಸುಣ್ಣಕಲ್ಲಿನ ನುಣ್ಣನೆ ಪುಡಿ ತುಂಬಿರುತ್ತದೆ. ರಸ ಹಚ್ಚಿದೊಡನೆ ಕಾಗದವೇ ಅದನ್ನು ನೀಲಿಗೆ ತಿರುಗಿಸುತ್ತದೆ.

ಶಂಖಪುಷ್ಪ

ನೀಲಿ ಹೂವೇ ಆಗಬೇಕು, ಬಿಳಿಯದರಿಂದ ಉಪಯೋಗವಿಲ್ಲ. 8–10 ಒಣ ಹೂವಿಗೆ ಒಂದು ಲೋಟ ಬಿಸಿನೀರು, ಐದು ನಿಮಿಷ. ಲೋಳೆ ಇಲ್ಲ, ವಾಸನೆ ಇಲ್ಲ. ಒಣಗಿಸಿದ ಹೂವನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಉಳಿಯುತ್ತದೆ. ಬಾಳಿಕೆಯಲ್ಲಿ ದಾಸವಾಳ ಇದರ ಹತ್ತಿರಕ್ಕೂ ಬರುವುದಿಲ್ಲ. ಆಮ್ಲದ ಕಡೆ ಕಡುನೀಲಿ ನೇರಳೆಯಾಗುವುದು ನೋಡಲು ಚೆಂದ, ಆದರೆ ಕೆಂಪು-ಹಸಿರು ವ್ಯತ್ಯಾಸ ಗುರುತಿಸಲಾಗದ ಮಕ್ಕಳಿಗೆ ನೀಲಿ, ನೇರಳೆಯೂ ಒಂದೇ ಆಗಿ ಕಂಡೀತು. ಅಂಥ ಮಗು ತರಗತಿಯಲ್ಲಿದ್ದರೆ ದಾಸವಾಳದ ಗುಲಾಬಿ-ಹಸಿರು ಆಟವೂ ಅದಕ್ಕೆ ಹಿಂಸೆಯಾದೀತು.

ಸೋಲುವುದು ಪ್ರತ್ಯಾಮ್ಲದ ಕಡೆ. ಅಡುಗೆ ಸೋಡಾ ಹಾಕಿದರೂ ನೀಲಿ ನೀಲಿಯಾಗಿಯೇ ಇರುತ್ತದೆ. ಸಕ್ಕರೆ ನೀರಿಗೂ ಅಡುಗೆ ಸೋಡಾಕ್ಕೂ ಒಂದೇ ಬಣ್ಣ ಕಂಡಾಗ ಮಕ್ಕಳು ಎರಡನ್ನೂ ‘ತಟಸ್ಥ’ ಎಂದು ಬರೆಯುತ್ತಾರೆ, ಅವರ ಕಣ್ಣಿನ ಲೆಕ್ಕದಲ್ಲಿ ಅದು ತಪ್ಪೂ ಅಲ್ಲ. ಅರಿಶಿನ ಆಮ್ಲದ ಕಡೆ ಕುರುಡು, ಶಂಖಪುಷ್ಪ ದುರ್ಬಲ ಪ್ರತ್ಯಾಮ್ಲದ ಕಡೆ ಮಂದ. ದಾಸವಾಳ ಸಿಗದ ಕಾಲದಲ್ಲಿ ಇವೆರಡನ್ನೂ ಜೋಡಿಯಾಗಿ ಬಳಸಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ.

ಲಿಟ್ಮಸ್

ಕಲ್ಲುಹೂವಿನ ಜಾತಿಗಳಿಂದ ತೆಗೆದ ಬಣ್ಣ. ಪಟ್ಟಿಯನ್ನು ಇಡಿಯಾಗಿ ಕೊಡಬೇಡಿ, ಒಂದು ಸೆಂಟಿಮೀಟರ್ ತುಂಡು ಸಾಕು. ಒಣ ಕೈಯಲ್ಲಿ, ಸಾಧ್ಯವಾದರೆ ಚಿಮುಟದಲ್ಲಿ ಹಿಡಿಯಲಿ. ಬೆವರಿಗೂ ಬಣ್ಣ ಬದಲಾದೀತು. ಒಣ ಸೋಡಾ ಪುಡಿಗೆ ಒಣ ಲಿಟ್ಮಸ್ ತಾಗಿಸಿದರೆ ಏನೂ ಆಗದು, ಎರಡರಲ್ಲಿ ಒಂದಾದರೂ ಒದ್ದೆಯಾಗಿರಬೇಕು.

ಹೆಚ್ಚಾಗಿ ಕೆಡುವುದು ಪೆಟ್ಟಿಗೆಯೊಳಗೇ. ಬೀರುವಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿಯ ಪಕ್ಕ ಇಟ್ಟ ನೀಲಿ ಲಿಟ್ಮಸ್ ಪುಸ್ತಕ ಅದರ ಹಬೆಗೆ ಕೆಲವೇ ದಿನದಲ್ಲಿ ಅಂಚಿನಿಂದ ಕೆಂಪಾಗುತ್ತ ಬರುತ್ತದೆ. ಮುಚ್ಚಳ ಭದ್ರವಾಗಿರುವ ಡಬ್ಬಿಯಲ್ಲಿ, ಬೇರೆ ಅರೆಯಲ್ಲಿಡಿ.

ಲಿಟ್ಮಸ್‌ನ ಉತ್ತರ ಖಚಿತ, ಆದರೆ ಬರೀ ಹೌದು-ಅಲ್ಲ. ತಟಸ್ಥ ಎನ್ನಲು ಎರಡೂ ಬಣ್ಣದ ಪಟ್ಟಿ ಬೇಕೇಬೇಕು. ನೀಲಿ ಪಟ್ಟಿ ನೀಲಿಯಾಗಿಯೇ ಉಳಿದರೆ ಮಾದರಿ ಪ್ರತ್ಯಾಮ್ಲವೂ ಇರಬಹುದು, ತಟಸ್ಥವೂ ಇರಬಹುದು. ಬಹಳ ಮಕ್ಕಳು ಎಡವುವುದು ಇಲ್ಲಿಯೇ. ಅದಕ್ಕೇ ಇದನ್ನು ಮೊದಲ ದಿನ ಕೈಗೆ ಕೊಡಬಾರದು ಎನ್ನುವುದು.

ಉಳಿದವು

ಕೆಂಪು ಎಲೆಕೋಸು ಇವೆಲ್ಲಕ್ಕಿಂತ ಹೆಚ್ಚು ಬಣ್ಣ ತೋರಿಸುತ್ತದೆ: ಕೆಂಪು, ನೇರಳೆ, ನೀಲಿ, ಹಸಿರು, ಹಳದಿ. ಬೆಂಗಳೂರು, ಮೈಸೂರಿನ ಶಾಲೆಗಳಿಗೆ ಕೈಗೆಟುಕೀತು. ಹಳ್ಳಿ ಸಂತೆಯಲ್ಲಿ ಸಿಗುವುದಿಲ್ಲ, ರಸ ಬೇಗ ನಾರುತ್ತದೆ. ನೇರಳೆ ಹಣ್ಣಿನ ಸಿಪ್ಪೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಜೂನ್-ಜುಲೈ ದಾಟಿದರೆ ಇಲ್ಲ. ಕರಾವಳಿಯ ಪುನರ್ಪುಳಿ ರಸದಲ್ಲೂ ಆಂಥೋಸಯನಿನ್ ಇದೆ, ಆದರೆ ಅದರದೇ ಹುಳಿ ಎಷ್ಟಿದೆಯೆಂದರೆ ಬಣ್ಣ ಬದಲಾಗಲು ಸೋಡಾ ಸುರಿಯುತ್ತಲೇ ಇರಬೇಕು.

ಬೀಟ್‌ರೂಟಿನ ಕೆಂಪು ಬೇರೆ ಕುಲದ್ದು, ಬೀಟಲೇನ್. ನಿಂಬೆಗೂ ಕೆಂಪು, ನೀರಿಗೂ ಕೆಂಪು, ಅಡುಗೆ ಸೋಡಾಕ್ಕೂ ಕೆಂಪು. ಸುಣ್ಣದ ತಿಳಿಯಂಥ ಬಲವಾದದ್ದು ಬಿದ್ದಾಗ ಮಾತ್ರ ಹಳದಿ. ಇದನ್ನು ಸೂಚಕಗಳ ಪಟ್ಟಿಗೆ ಸೇರಿಸಿದವರು ಒಮ್ಮೆಯಾದರೂ ಮಾಡಿ ನೋಡಿದ್ದಾರೋ ಇಲ್ಲವೋ.

ಸೂಚಕದ್ದಲ್ಲದ ತಪ್ಪುಗಳು

ಬಣ್ಣ ಬಾರದಾಗ ಬೈಗುಳ ತಿನ್ನುವುದು ಸೂಚಕ, ತಪ್ಪು ಹಲವು ಸಲ ಮಾದರಿಯದ್ದು. ‘ಸೋಪು ಪ್ರತ್ಯಾಮ್ಲ’ ಎಂದು ಹೇಳಿ ಹ್ಯಾಂಡ್‌ವಾಷ್, ಶ್ಯಾಂಪೂ, ಪಾತ್ರೆ ತೊಳೆಯುವ ದ್ರವ ತಂದರೆ ಪೇಚು. ಇವುಗಳಲ್ಲಿ ಹೆಚ್ಚಿನವು ತಟಸ್ಥಕ್ಕೆ ಹತ್ತಿರ, ಕೆಲವು ತುಸು ಆಮ್ಲೀಯ. ಬಟ್ಟೆ ಒಗೆಯುವ ಬಿಳಿ ಬಾರ್ ಸೋಪು ತನ್ನಿ. ನೀಲಿ, ಕೆಂಪು ಸೋಪಿನ ಬಣ್ಣ ಸೂಚಕದ ಬಣ್ಣದೊಡನೆ ಬೆರೆತು ಕಲಸುಮೇಲೋಗರವಾಗುತ್ತದೆ. ಹುಣಸೆರಸ, ಕಾಫಿ ಡಿಕಾಕ್ಷನ್‌ಗಳನ್ನು ಹೂವಿನ ರಸಕ್ಕೆ ಹಾಕುವ ಮುನ್ನ ಚೆನ್ನಾಗಿ ತೆಳು ಮಾಡಿ.

ಹಾಗಲಕಾಯಿ ರಸವನ್ನು ಮರೆಯದೆ ಇಡಿ. ಪ್ರತ್ಯಾಮ್ಲ ಕಹಿ ಎಂದು ಓದಿದ ಮಕ್ಕಳು ಅದು ಹಸಿರು ತರುತ್ತದೆಂದು ಪಣ ಕಟ್ಟುತ್ತಾರೆ. ತರುವುದಿಲ್ಲ, ಅದು ತುಸು ಆಮ್ಲದ ಕಡೆಗೇ ಇದೆ. ನಾಲಿಗೆ ಸೂಚಕವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಸುಣ್ಣದ ತಿಳಿಗೆ ಎಲೆಯಡಿಕೆಯ ಬಿಳಿ ಸುಣ್ಣ ಕಡಲೆಕಾಳಿನಷ್ಟು, ನೀರು 250 ಮಿ.ಲೀ. ಕದಡಿ, ಮುಚ್ಚಿ, ತಳಕ್ಕಿಳಿಯಲು ಕೆಲವು ಗಂಟೆ ಬಿಟ್ಟು ಮೇಲಿನದನ್ನು ಬಸಿದುಕೊಳ್ಳಿ. ಲೀಟರಿಗೆ ಎರಡು ಗ್ರಾಂ ಕೂಡ ಕರಗದ ವಸ್ತು, ಹೆಚ್ಚು ಸುಣ್ಣ ಹಾಕಿ ಲಾಭವಿಲ್ಲ. ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮೇಲೆ ಕೆನೆಗಟ್ಟಿ ದುರ್ಬಲವಾಗುತ್ತದೆ. ಸುಣ್ಣದ ಪೊಟ್ಟಣ ಮಕ್ಕಳ ಕೈಗೆ ಕೊಡಬೇಡಿ. ಒತ್ತಿದಾಗ ಸಿಡಿದು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಬಿದ್ದರೆ ಉಜ್ಜದೆ, ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ. ನೀರು ಬಿದ್ದರೆ ಕುದಿಯುವ ಸುಟ್ಟ ಸುಣ್ಣ ಶಾಲೆಯೊಳಗೇ ಬೇಡ. 4–5ನೇ ತರಗತಿಗೆ ಸುಣ್ಣವೇ ಬೇಡ, ಸೋಡಾ ಮತ್ತು ಸೋಪು ಸಾಕು.

ತರಗತಿವಾರು ಆಯ್ಕೆ

4–5ನೇ ತರಗತಿ: ಅರಿಶಿನ ಕಾಗದ, ಬಾರ್ ಸೋಪು, ನಿಂಬೆ. ಹತ್ತಿಕಡ್ಡಿಯನ್ನು ಸೋಪಿನ ನೀರಿನಲ್ಲಿ ಅದ್ದಿ ಹೆಸರು ಬರೆಯಲಿ, ನಿಂಬೆಯಿಂದ ಅಳಿಸಲಿ. ಆಮ್ಲ, ಪ್ರತ್ಯಾಮ್ಲ ಎಂಬ ಪದಗಳೂ ಬೇಕಾಗಿಲ್ಲ. 6–7ಕ್ಕೆ ಎರಡು ಪೀರಿಯಡ್ ಹಿಡಿಯಿರಿ. ಮೊದಲನೆಯದರಲ್ಲಿ ದಾಸವಾಳ, ಆರು ಮಾದರಿ, ಐದೈದು ಮಕ್ಕಳ ಗುಂಪು. ಹನಿ ಹಾಕುವ ಮೊದಲೇ ಪ್ರತಿ ಗುಂಪೂ ತನ್ನ ಊಹೆ ಬರೆದಿಟ್ಟಿರಬೇಕು, ಇಲ್ಲದಿದ್ದರೆ ಬಣ್ಣ ಕಂಡ ಮೇಲೆ ಎಲ್ಲರ ಊಹೆಯೂ ಸರಿಯಾಗುತ್ತದೆ. ಎರಡನೆಯದರಲ್ಲಿ ಅವೇ ಮಾದರಿಗಳಿಗೆ ಅರಿಶಿನ ಮತ್ತು ಲಿಟ್ಮಸ್. ಅಡುಗೆ ಸೋಡಾದಲ್ಲಿ ಮೂರೂ ಒಂದೇ ಬಲದಿಂದ ಉತ್ತರ ಕೊಡುವುದಿಲ್ಲ: ಅರಿಶಿನ ಮಸುಕು, ದಾಸವಾಳ ಮಾಸಲು, ಲಿಟ್ಮಸ್ ನಿಧಾನ. ಯಾವುದು ಸರಿ ಎಂದು ಕೇಳಿದರೆ ಮೂರೂ ಸರಿ ಎನ್ನಿ, ಪ್ರತಿಯೊಂದೂ ಬಣ್ಣ ಬದಲಿಸುವ ಪಿಎಚ್ ಬೇರೆ ಎಂದು ಕಪ್ಪುಹಲಗೆಯ ಮೇಲೆ 1ರಿಂದ 14ರವರೆಗಿನ ಗೆರೆ ಎಳೆದು ಮೂರರ ಜಾಗವನ್ನೂ ಅವರಿಂದಲೇ ಗುರುತು ಹಾಕಿಸಿ.